ಊರಿನ ತಲೆ ಎಣಿಕೆ, ಊರಿಗೆ ದಾರಿ

ಹೋದ ಮಳೆಗಾಲದಲ್ಲಿ ನನ್ನ ಕೈಗೆ ಬಂದ ಅನುವಾದದ ಕೆಲಸ ತೀರಾ ಸಪ್ಪೆಯದು. ಜನಗಣತಿಯ ಗ್ರಾಮಪಟ್ಟಿಯ ಕಾಲಂಗಳ ಹೆಸರನ್ನು ಕನ್ನಡಕ್ಕೆ ತರಬೇಕು, ಅಷ್ಟೆ. ಕಥೆಯಿಲ್ಲ, ಪ್ಯಾರಾ ಇಲ್ಲ, ಪೂರ್ತಿ ವಾಕ್ಯವೂ ಇಲ್ಲ, ಬರೀ ತಲೆಬರಹ. ಪದಕ್ಕಿಷ್ಟು ಎಂದು ದುಡ್ಡು ಎಣಿಸುವ ಈ ಕಸುಬಿನಲ್ಲಿ ಇಂಥ ಕೆಲಸ ಬಂದರೆ ಪದಗಳೂ ಕಡಿಮೆ, ದುಡ್ಡೂ ಕಡಿಮೆ. ಆದರೂ ಒಂದು ಕಾಲಂ ನನ್ನನ್ನು ಎರಡು ದಿನ ಕೂರಿಸಿತು.

ಜಿಲ್ಲಾ ಜನಗಣತಿ ಕೈಪಿಡಿಯನ್ನು ತಿರುವಿ ಹಾಕಿದವರಿಗೆ ಆ ಪಟ್ಟಿ ಗೊತ್ತಿರುತ್ತದೆ. ಹಳ್ಳಿಗೊಂದು ಸಾಲು. ಎಡಗಡೆ ಊರಿನ ಹೆಸರು, ವಿಸ್ತೀರ್ಣ, ಮನೆಗಳು, ಜನಸಂಖ್ಯೆ. ನಂತರ ಶಾಲೆ, ದವಾಖಾನೆ, ಕುಡಿಯುವ ನೀರು, ಅಂಚೆ. ಬಲಗಡೆಯ ಕೊನೆಗೆ ಹೋಗುವಾಗ ಬಸ್ಸು, ರೈಲು, ಊರಿಗೆ ಬರುವ ದಾರಿ. 2001ರ ಪಟ್ಟಿಯಲ್ಲಿ ದಾರಿಗೆ ಎರಡಕ್ಷರದ ಗುರುತುಗಳಿದ್ದವು: ಪಕ್ಕಾ ರಸ್ತೆಗೆ ಪಿಆರ್, ಮಣ್ಣು ರಸ್ತೆಗೆ ಎಂಆರ್, ಕಾಲುದಾರಿಗೆ ಎಫ್‌ಪಿ. 2011ರಲ್ಲಿ ಸೌಕರ್ಯ ಊರಲ್ಲಿ ಇಲ್ಲದಿದ್ದರೆ ಅದೆಷ್ಟು ದೂರ ಎಂದು ಹೇಳಲು ಎ, ಬಿ, ಸಿ. ಐದು ಕಿಲೋಮೀಟರಿನೊಳಗೆ ಇದ್ದರೆ ಎ, ಐದರಿಂದ ಹತ್ತಕ್ಕೆ ಬಿ, ಹತ್ತು ದಾಟಿದರೆ ಸಿ. ಬಸ್ಸು ಹಿಡಿಯಲು 11 ಕಿಲೋಮೀಟರ್ ನಡೆಯುವ ಊರೂ ಸಿ, 40 ಕಿಲೋಮೀಟರ್ ಹೋಗುವ ಊರೂ ಸಿ.

ನಾನು ಸಿಕ್ಕಿಬಿದ್ದದ್ದು 'ಅಪ್ರೋಚ್ ಟು ವಿಲೇಜ್' ಎನ್ನುವಲ್ಲಿ. ರಸ್ತೆ ಎಂದು ಬರೆದರೆ ಕಾಲುದಾರಿ ಹೊರಗುಳಿಯುತ್ತದೆ. ಸಂಪರ್ಕ ಎಂದರೆ ಮೊಬೈಲ್ ಟವರಿನ ನೆನಪಾಗುತ್ತದೆ. ನಾನಿರುವುದು ವಡೋದರಾದಲ್ಲಿ, ಕಿವಿಯ ಸುತ್ತ ಗುಜರಾತಿ. ಈ ಭಾಷೆಯಲ್ಲೂ ದಾರಿಗೆ ನಮ್ಮಲ್ಲಿರುವಷ್ಟೇ ಮೆಟ್ಟಿಲುಗಳಿವೆ: ರಸ್ತೋ, ಅದರ ಕೆಳಗೆ ಗಾಡಿ ಹೋಗುವ ಗಾಡಾವಾಟ್, ಎರಡು ಬೇಲಿಗಳ ನಡುವೆ ತಗ್ಗಿನಲ್ಲಿ ಸಾಗುವ ನೆಳಿಯುಂ, ಕೊನೆಗೆ ಕೇಡಿ. ಕನ್ನಡದವರು ಹೆದರಬೇಕಿಲ್ಲ, ಗುಜರಾತಿಯಲ್ಲಿ ಕೇಡಿ ಎಂದರೆ ಕಾಲುದಾರಿ. ಕೊನೆಗೆ ನಾನು 'ಊರಿಗೆ ದಾರಿ' ಎಂದೇ ಬರೆದೆ. ಅದನ್ನು ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ. ಆದರೆ ಆ ಹಾಳೆಯ ಎಡತುದಿಯ ಜನಸಂಖ್ಯೆಗೂ ಬಲತುದಿಯ ದಾರಿಗೂ ಏನು ಸಂಬಂಧ ಎಂಬ ಪ್ರಶ್ನೆ ನನ್ನಲ್ಲೇ ಉಳಿಯಿತು. ಊರಲ್ಲಿ ಎಷ್ಟು ಜನ ಇದ್ದರೆ ದಾರಿ ಬರುತ್ತದೆ? ಅಥವಾ ದಾರಿ ಬಂದಮೇಲೆ ಊರಲ್ಲಿ ಎಷ್ಟು ಜನ ಉಳಿಯುತ್ತಾರೆ? ಗುಜರಾತಿನ ಹಳ್ಳಿಗಳಿಗೆ ಈ ಎರಡೂ ಪ್ರಶ್ನೆಗಳನ್ನು ಹೆಚ್ಚುಕಡಿಮೆ ನೂರೈವತ್ತು ವರ್ಷದಿಂದ ಕೇಳುತ್ತ ಬಂದಿದ್ದಾರೆ. ಕೇಳಿದವರು ಮಾತ್ರ ಬೇರೆ ಬೇರೆ.

ನನಗೆ ತುಂಬ ಇಷ್ಟವಾದ ಕೇಳ್ವಿಕೆ 1930ರದ್ದು. ದಂಡಿ ಯಾತ್ರೆ ಹೊರಡಲು ಮೂರು ದಿನ ಇರುವಾಗ ಗಾಂಧೀಜಿ 'ನವಜೀವನ'ದಲ್ಲಿ ದಾರಿಯ ಹಳ್ಳಿಗಳಿಗೆ ಒಂದು ಮನವಿ ಮಾಡಿದರು. ನಾವು ಬರುವಷ್ಟರಲ್ಲಿ ನಿಮ್ಮ ಊರಿನ ಈ ವಿವರಗಳನ್ನು ಸಿದ್ಧ ಮಾಡಿಟ್ಟಿರಿ ಎಂದು. ಗಂಡಸರೆಷ್ಟು, ಹೆಂಗಸರೆಷ್ಟು, ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು, ಪಾರ್ಸಿಗಳು ಎಷ್ಟೆಷ್ಟು, ಅಸ್ಪೃಶ್ಯರೆನಿಸಿಕೊಂಡವರು ಎಷ್ಟು, ಶಾಲೆಯಿದ್ದರೆ ಎಷ್ಟು ಹುಡುಗರು, ಎಷ್ಟು ಹುಡುಗಿಯರು, ಚರಕ ಎಷ್ಟು, ಖಾದಿ ಎಷ್ಟು, ಉಪ್ಪು ಎಷ್ಟು ಬೇಕು, ಹಸು ಎಮ್ಮೆ ಎಷ್ಟು, ಗೋಮಾಳ ಎಷ್ಟು, ಸೇಂದಿ ಅಂಗಡಿ ಎಷ್ಟು ದೂರ. ಸರ್ಕಾರದ ಮುಂದಿನ ಜನಗಣತಿಗೆ ಇನ್ನೂ ಒಂದು ವರ್ಷವಿತ್ತು. ಅದಕ್ಕೆ ಮೊದಲೇ ಒಬ್ಬ ಮುದುಕ ಕೋಲು ಹಿಡಿದು ನಡೆಯುತ್ತ ತನ್ನದೇ ಒಂದು ಗಣತಿ ಶುರುಮಾಡಿದ್ದ. ಮುಂದೆ ಹೋಗಿ ಊರುಗಳನ್ನು ನೋಡಿಬರಲು ಅಹಮದಾಬಾದಿನ ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ಒಂದು ತಂಡವಿತ್ತು. ಅದಕ್ಕೆ ಅರುಣ ಟುಕಡಿ ಎಂದು ಹೆಸರು. ಸೂರ್ಯನಿಗಿಂತ ಮುಂಚೆ ಬರುವ ಅರುಣ.

ಆ ಅಂಕಿಗಳು ಸುಮ್ಮನೆ ಚೀಟಿಯಲ್ಲಿ ಉಳಿಯಲಿಲ್ಲ. ಮಾರ್ಚ್ 12ರ ಸಂಜೆ ಮೊದಲ ತಂಗುದಾಣ ಅಸಲಾಲಿ. ಅಹಮದಾಬಾದಿನ ಹೊರಗಿನ ಹಳ್ಳಿ. ಅಲ್ಲಿನ ಭಾಷಣದಲ್ಲಿ ಗಾಂಧೀಜಿ ಲೆಕ್ಕ ಹಾಕಿದರು: ನಿಮ್ಮ ಊರಲ್ಲಿ 1,700 ಜನ, ಅವರಿಗೆ 850 ಕಚ್ಚಾ ಮಣ ಉಪ್ಪು ಬೇಕು, 200 ಎತ್ತುಗಳಿಗೆ 300 ಮಣ, ಒಟ್ಟು 1,150. ಅದರ ಮೇಲಿನ ಕರ ವರ್ಷಕ್ಕೆ ಸುಮಾರು 720 ರೂಪಾಯಿ. ಜನಸಂಖ್ಯೆ ಎಂಬ ಅಂಕಿ ಕರವಾಗಿ, ಕರ ಎಂಬುದು ಊರಿನ ಜನ ತಾವೇ ತೂಗಿ ನೋಡಬಹುದಾದ ಒಂದು ಮೊತ್ತವಾಗಿ ಬದಲಾದದ್ದು ಹೀಗೆ. ಸರ್ಕಾರ ಊರನ್ನು ಎಣಿಸುವುದು ಅದರಿಂದ ಏನು ಬರುತ್ತದೆ ಎಂದು ತಿಳಿಯಲಿಕ್ಕೆ. ಇಲ್ಲಿ ಅದೇ ಅಂಕಿಯನ್ನು ಊರಿನಿಂದ ಏನು ಹೋಗುತ್ತಿದೆ ಎಂದು ಊರಿಗೇ ತೋರಿಸಲು ಬಳಸಿದರು.

ಅಹಮದಾಬಾದಿನಿಂದ ನವಸಾರಿಗೆ ಆಗಲೇ ರೈಲು ಇತ್ತು. ಇಚ್ಛೆಯಿದ್ದರೆ ಒಂದು ದಿನದೊಳಗೆ ಮುಟ್ಟಬಹುದಾದ ಕಡಲನ್ನು 24 ದಿನ ನಡೆದು ಮುಟ್ಟಿದರು, ಸುಮಾರು 240 ಮೈಲಿ. ಜೊತೆಗಿದ್ದ 78 ಸತ್ಯಾಗ್ರಹಿಗಳಲ್ಲಿ ಕರ್ನಾಟಕದವರು ಒಬ್ಬರೇ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಅವರನ್ನು ನಾವು ನೆನೆಯುವುದು ಆ ಸಾವಿನಿಂದ. ನಾನು ಅವರನ್ನು ನೆನೆಯುವಾಗ ಮಾತ್ರ ಮಾರ್ಚ್ ಕೊನೆಯ ಒಂದು ರಾತ್ರಿ ಸೂರತ್ ಜಿಲ್ಲೆಯ ಓಲಪಾಡ್ ತಾಲ್ಲೂಕಿನ ಕತ್ತಲಲ್ಲಿ, ಭಾಷೆ ಅರ್ಧ ತಿಳಿಯುವ ಸೀಮೆಯಲ್ಲಿ, ಧೂಳು ತುಳಿದು ನಡೆಯುತ್ತಿರುವ ಹುಡುಗನೊಬ್ಬ ಕಾಣಿಸುತ್ತಾನೆ.

ಆ ನಡಿಗೆ ಮುಟ್ಟಿದ್ದು ಭಟಗಾಮ್ ಎಂಬ ಚಿಕ್ಕ ಹಳ್ಳಿಗೆ. ಈ ಊರಿನ ಹೆಸರು ಇತಿಹಾಸದಲ್ಲಿ ಉಳಿದದ್ದು ಗಾಂಧೀಜಿ ಅಲ್ಲಿ ಸಿಟ್ಟಾದದ್ದರಿಂದ, ಅದೂ ತಮ್ಮವರ ಮೇಲೆ, ತಮ್ಮ ಮೇಲೆ. ರಾತ್ರಿಯ ನಡಿಗೆಗೆ ಬೆಳಕಿರಲಿ ಎಂದು ಕಾರ್ಯಕರ್ತರು ಕಿಟ್ಸನ್ ದೀಪಗಳನ್ನು ತರಿಸಿದ್ದರು. ಅವು ಭಾರೀ ತೂಕದವು. ಹೊರಲು ಕೂಲಿಯವರನ್ನು ಹಿಡಿದಿದ್ದರು, ದೀಪ ಅವರ ತಲೆಯ ಮೇಲೆ. ಹೊತ್ತವನನ್ನು ಬೇಗ ನಡಿ ಬೇಗ ನಡಿ ಎಂದು ಅವಸರಪಡಿಸುತ್ತಿದ್ದದ್ದು ಗಾಂಧೀಜಿಯ ಕಣ್ಣಿಗೆ ಬಿತ್ತು. ಸಾಲದ್ದಕ್ಕೆ ಯಾತ್ರಿಕರಿಗೆಂದು ಸೂರತ್‌ನಿಂದ ಮೋಟಾರು ಲಾರಿಯಲ್ಲಿ ಹಾಲು ಬಂದಿತ್ತು ಎಂಬ ಸುದ್ದಿ. ಮಾರ್ಚ್ 29ರಂದು ಭಟಗಾಮಿನಲ್ಲಿ ಅವರು ಆಡಿದ ಮಾತಿನ ಸಾರ ಇಷ್ಟು: ವೈಸರಾಯ್‌ಗೆ ಪತ್ರ ಬರೆದು ನಿಮ್ಮ ಸಂಬಳ ನಮ್ಮ ಜನರ ಸರಾಸರಿ ಆದಾಯದ ಐದು ಸಾವಿರ ಪಟ್ಟಿಗೂ ಹೆಚ್ಚು ಎಂದವನು ನಾನು. ಆ ಮಾತು ಬರೆಯುವ ಹಕ್ಕು ನನಗಿರಬೇಕಾದರೆ ನಾನು ಈ ಊರಿನವರು ಬದುಕುವ ಹಾಗೆ ಬದುಕಬೇಕು, ಊರಲ್ಲಿ ಸಿಕ್ಕದ್ದನ್ನು ಉಣ್ಣಬೇಕು.

ಇದನ್ನು ಸರಳತೆಯ ಪಾಠವಾಗಿ ಓದುವ ರೂಢಿ. ನನಗೆ ಅದರಲ್ಲಿ ಸಾರಿಗೆಯ ಕಥೆ ಕಾಣುತ್ತದೆ. ಭಟಗಾಮಿಗೆ ಸೂರತ್‌ನಿಂದ ಲಾರಿ ಬರಲು ಸಾಧ್ಯವಿತ್ತು! ಅಂದರೆ ದಾರಿ ಇತ್ತು, ಬೇಸಿಗೆಯಲ್ಲಾದರೂ ಇತ್ತು. ಆದರೆ ಆ ದಾರಿಯಲ್ಲಿ ಲಾರಿ ಬಂದದ್ದು ಯಾರಿಗಾಗಿ ಎಂಬುದು ಬೇರೆ ಮಾತು. ಊರಿನ ಕಾಯಿಲೆಯವರನ್ನು ಸೂರತ್‌ನ ಆಸ್ಪತ್ರೆಗೆ ಒಯ್ಯಲು ಅದು ಬಂದಿರಲಿಲ್ಲ. ಒಂದೇ ರಾತ್ರಿ, ಒಂದೇ ಕತ್ತಲಲ್ಲಿ, ಹಾಲು ಚಕ್ರದ ಮೇಲೆ ಬಂತು, ದೀಪ ಮನುಷ್ಯನ ತಲೆಯ ಮೇಲೆ ಬಂತು. ಗ್ರಾಮಪಟ್ಟಿಯ ಕಾಲಂನಲ್ಲಿ ಇವೆರಡನ್ನೂ ಬರೆಯಲು ಜಾಗವಿಲ್ಲ.

ಹನ್ನೊಂದು ತಿಂಗಳಾದ ಮೇಲೆ ಸರ್ಕಾರದ ಗಣತಿ ಬಂತು. ಆಗ ಜನಗಣತಿ ಎಂದರೆ ಒಂದೇ ರಾತ್ರಿಯ ಎಣಿಕೆ. ಆ ರಾತ್ರಿ ನೀವು ಎಲ್ಲಿ ಮಲಗಿದ್ದಿರೋ ಅಲ್ಲಿನ ತಲೆಯೇ ನೀವು. 1931ರಲ್ಲಿ ಆ ರಾತ್ರಿ ಫೆಬ್ರವರಿ 26. ಕಾಂಗ್ರೆಸ್ ಆ ಎಣಿಕೆಯನ್ನೇ ಬಹಿಷ್ಕರಿಸಿ ಎಂದಿತ್ತು. ಅದಕ್ಕಿಂತ ವಿಚಿತ್ರವಾದದ್ದು ಹಿಜರತ್. ಕಂದಾಯ ಕಟ್ಟಲು ಒಪ್ಪದ ಬಾರ್ಡೋಲಿ, ಬೋರ್ಸದ್, ಜಂಬುಸರದ ರೈತರು 1930ರ ಅಕ್ಟೋಬರಿನ ಹೊತ್ತಿಗೆ ಮನೆಗೆ ಬೀಗ ಜಡಿದು, ಹೆಂಡತಿ ಮಕ್ಕಳು ದನಕರು ಸಮೇತ ಗಾಡಿ ಕಟ್ಟಿಕೊಂಡು ಬರೋಡಾ ಸಂಸ್ಥಾನದ ಹಳ್ಳಿಗಳಿಗೆ ಹೊರಟುಹೋದರು. ಗಡಿ ದೂರವಿರಲಿಲ್ಲ. ಗಾಯಕವಾಡರ ಸೀಮೆಯೂ ಬ್ರಿಟಿಷ್ ಸೀಮೆಯೂ ಕೌದಿಯ ತುಂಡುಗಳ ಹಾಗೆ ಹೆಣೆದುಕೊಂಡಿದ್ದವು. ಗಾಂಧಿ–ಇರ್ವಿನ್ ಒಪ್ಪಂದ ಆದದ್ದು ಮಾರ್ಚ್ 5ಕ್ಕೆ, ಗಣತಿಯ ರಾತ್ರಿ ಕಳೆದು ಒಂದು ವಾರದ ಮೇಲೆ. ಅಲ್ಲಿವರೆಗೆ ಮರಳದಿದ್ದ ಸಂಸಾರಗಳೆಲ್ಲ ಎಣಿಕೆಯಾದದ್ದು ಗಡಿಯಾಚೆಯ ಊರುಗಳ ಲೆಕ್ಕಕ್ಕೆ. ನಾವು ಇಂದು 1931ರ ಪಟ್ಟಿಯಲ್ಲಿ ಒಂದು ಹಳ್ಳಿಯ ಜನಸಂಖ್ಯೆ ಓದುವಾಗ ಅದು ಆ ಊರಿನ ಗಾತ್ರವೋ ಆ ವರ್ಷದ ಸಿಟ್ಟೋ ಎಂದು ಯೋಚಿಸಬೇಕಾಗುತ್ತದೆ.

ಬರೋಡಾ ಸಂಸ್ಥಾನದ ಅಂಕಿಗಳು ಇನ್ನೂ ಹಿಂದಿನ ಒಂದು ಗಾಯವನ್ನು ತೋರಿಸುತ್ತವೆ. 1891ರಲ್ಲಿ ಸಂಸ್ಥಾನದ ಜನಸಂಖ್ಯೆ 24,15,396. 1901ರಲ್ಲಿ 19,52,692. ಹತ್ತು ವರ್ಷದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆ, ಐದರಲ್ಲಿ ಹತ್ತಿರಹತ್ತಿರ ಒಂದು ಪಾಲು. ನಡುವೆ ಬಂದದ್ದು ವಿಕ್ರಮ ಸಂವತ್ 1956ರ ಬರ. ಗುಜರಾತಿಗಳು ಈಗಲೂ ಅದನ್ನು ಛಪ್ಪನಿಯೋ ಎಂದೇ ಕರೆಯುತ್ತಾರೆ, ಐವತ್ತಾರರದ್ದು ಎಂದು. ನಮ್ಮಲ್ಲಿ ಡೋಗಿ ಬರ ಇದ್ದ ಹಾಗೆ. ಇಲ್ಲಿ ನೆನಪಿಡಬೇಕಾದದ್ದೇನೆಂದರೆ ಈ ಬರ ಬಂದದ್ದು ರೈಲೇ ಇಲ್ಲದ ಸೀಮೆಗಲ್ಲ. ಆ ಹೊತ್ತಿಗೆ ಭಾರತದಲ್ಲಿ ಹಳ್ಳಿಗಳ ತನಕ ಕಬ್ಬಿಣದ ಕಂಬಿ ಚಾಚಿದ್ದ ಸೀಮೆಗಳಲ್ಲಿ ಬರೋಡಾವೂ ಒಂದು.

ಆ ಕಂಬಿಯ ಹುಟ್ಟು ತಮಾಷೆಯದು. ಬೊಂಬಾಯಿಯ ಬಿ.ಬಿ. ಅಂಡ್ ಸಿ.ಐ. ಕಂಪನಿಯ ದೊಡ್ಡ ರೈಲು 1861ರಲ್ಲಿ ಬರೋಡಾ ಮುಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಷೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಿತು, ಗುಜರಾತಿನ ಹತ್ತಿಗೆ ಬಂಗಾರದ ಬೆಲೆ ಬಂತು. ಡಭೋಯಿ ಸುತ್ತಿನ ಕಪ್ಪುನೆಲದ ಹತ್ತಿಯನ್ನು ದೊಡ್ಡ ರೈಲಿನ ಮಿಯಾಗಾಮ್ ನಿಲ್ದಾಣಕ್ಕೆ ಸಾಗಿಸಬೇಕು. ಮಳೆ ಬಿದ್ದರೆ ಆ ನೆಲದಲ್ಲಿ ಗಾಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತದೆ. ಬಯಲುಸೀಮೆಯ ಎರೆಹೊಲ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಂಡೇರಾವ್ ಗಾಯಕವಾಡ 1862ರಲ್ಲಿ ಎರಡೂವರೆ ಅಡಿ ಅಗಲದ ಸಣ್ಣ ಕಂಬಿ ಹಾಕಿಸಿದರು. ಎಳೆಯಲು ಕಟ್ಟಿದ್ದು ಎತ್ತುಗಳನ್ನು. ಮರುವರ್ಷ ನೀಲ್ಸನ್ ಕಂಪನಿಯ ಉಗಿ ಎಂಜಿನ್ ತಯಾರಾಗಿ ಬಂತು, ಆದರೆ ಕಂಬಿ ತೆಳ್ಳಗಿದ್ದು ಅದರ ಭಾರ ತಡೆಯಲಿಲ್ಲ. ಹತ್ತು ವರ್ಷ ಎಂಜಿನ್ನಿಗಿಂತ ಎತ್ತೇ ಮೇಲು ಅನ್ನಿಸಿಕೊಂಡಿತು. ಹೊಸ ಕಂಬಿ ಹಾಸಿ ಎಂಜಿನ್ ಕ್ರಮವಾಗಿ ಓಡತೊಡಗಿದ್ದು 1873ರಲ್ಲಿ. ಮುಂದೆ ಮೂರನೆಯ ಸಯಾಜಿರಾವ್ ಕಾಲದಲ್ಲಿ ಡಭೋಯಿಯಿಂದ ಜೇಡನ ಕಾಲುಗಳ ಹಾಗೆ ಸಣ್ಣ ಕಂಬಿಗಳು ಎಲ್ಲ ಕಡೆಗೂ ಹರಡಿದವು.

ಈ ರೈಲು ನಿಲ್ಲುತ್ತಿದ್ದ ಹಳ್ಳಿಗಳಿಗೆ ಅದರಿಂದ ಏನಾಯಿತು ಎಂದರೆ, ಮೊದಲು ಹತ್ತಿ ಹೋಯಿತು. ಬಹಳ ತಡವಾಗಿ ಪುಸ್ತಕ ಬಂತು. 1910ರ ನಂತರ ಸಯಾಜಿರಾವ್ ಸಂಸ್ಥಾನದಲ್ಲಿ ಗ್ರಂಥಾಲಯಗಳ ಜಾಲ ಕಟ್ಟಿಸಿದಾಗ ಪುಸ್ತಕ ತುಂಬಿದ ಮರದ ಪೆಟ್ಟಿಗೆಗಳು ಸಂಚಾರಿ ಗ್ರಂಥಾಲಯವಾಗಿ ಹಳ್ಳಿಗಳಿಗೆ ಹೋಗುತ್ತಿದ್ದವು. ಹತ್ತಿ ಸಾಗಿದ ದಾರಿಯಲ್ಲೇ ಎದುರು ದಿಕ್ಕಿಗೆ. ಬರದ ವರ್ಷ ಕಂಬಿಯ ಮೇಲೆ ಕಾಳು ಬರಬಹುದಿತ್ತು, ಬಂತು ಕೂಡ. ಆದರೆ ಕಾಳು ಕೊಳ್ಳಲು ಕೈಯಲ್ಲಿ ದುಡ್ಡಿರಬೇಕು. ದನ ಸತ್ತು, ಹೊಲ ಒಣಗಿ, ಕೂಲಿಯಿಲ್ಲದೆ ಕೂತವರಿಗೆ ನಿಲ್ದಾಣ ಎಷ್ಟು ಹತ್ತಿರವಿದ್ದರೂ ಅದು ದೂರವೇ.

ಈ ಮಾತನ್ನು ಅಂಕಿಗಳ ಸಮೇತ ಹೇಳಿದ ಪುಸ್ತಕವೊಂದು 1930ರಲ್ಲೇ ಬಂತು. ಜಿ.ಸಿ. ಮುಖ್ತ್ಯಾರ್ ಎಂಬ ಅರ್ಥಶಾಸ್ತ್ರಜ್ಞ ಆಗ ಸೂರತ್ ಜಿಲ್ಲೆಗೆ ಸೇರಿದ್ದ, ಈಗ ವಲಸಾಡ್ ಜಿಲ್ಲೆಯಲ್ಲಿರುವ ಅಟಗಾಮ್ ಎಂಬ ಒಂದೇ ಹಳ್ಳಿಯನ್ನು ಹಿಡಿದು ಅದರ ಬದುಕು ದುಡಿಮೆಗಳ ಬಗ್ಗೆ ಬರೆದರು. 1937ರಲ್ಲಿ ಜೆ.ಬಿ. ಶುಕ್ಲಾ ಅದೇ ಜಿಲ್ಲೆಯ ಓಲಪಾಡ್ ತಾಲ್ಲೂಕಿನ ಬಗ್ಗೆ, ಅಂದರೆ ನಮ್ಮ ಭಟಗಾಮಿರುವ ತಾಲ್ಲೂಕಿನ ಬಗ್ಗೆ, ಅಂಥದೇ ಇನ್ನೊಂದು ಪುಸ್ತಕ ಬರೆದರು. ಹೊಲ, ಸಾಲ, ಕೂಲಿ, ದನ, ಗೊಬ್ಬರ ಹೀಗೆ ಎಲ್ಲವನ್ನೂ ಎಣಿಸುವ ಹಳೆಯ ಕಾಲದ ಶ್ರದ್ಧೆ ಈ ಪುಸ್ತಕಗಳದ್ದು.

ಅಟಗಾಮಿನಲ್ಲಿ ಹೊಲದ ಒಡೆಯರು ಅನಾವಿಲ ಬ್ರಾಹ್ಮಣರು, ದುಡಿಯುವವರು ದುಬಳಾ ಜನ. ದುಬಳಾ ಎಂದರೆ ದುರ್ಬಲ ಎಂದೇ ಅಲ್ಲಿನವರು ಅರ್ಥ ಹೇಳುವುದು. ಹಲಪತಿ, ಅಂದರೆ ನೇಗಿಲಿನ ಒಡೆಯ ಎಂಬ ಹೆಸರು ಗಾಂಧಿಯುಗದಲ್ಲಿ ಬಂದದ್ದು. ದುಬಳಾ ಹುಡುಗನಿಗೆ ಮದುವೆಯ ವಯಸ್ಸು ಬಂದರೆ ಒಡೆಯ ಖರ್ಚಿಗೆ ಸಾಲ ಕೊಡುತ್ತಿದ್ದ. ಅಂದಿನಿಂದ ಆತ ಅವನ ಹಾಳಿ. ಸಾಲ ತೀರುವವರೆಗೆ ದುಡಿಯಬೇಕು, ಸಾಲ ತೀರುವುದಿಲ್ಲ. ಹೆಂಡತಿ ಒಡೆಯನ ಮನೆಯ ಕಸಮುಸುರೆಗೆ, ಮಗ ದನ ಕಾಯಲು. ನಮ್ಮ ಜೀತದ ಹಾಗೇ, ಹೆಸರು ಬೇರೆ. ಅಟಗಾಮಿನಂಥ ಊರಿನ ಜನಸಂಖ್ಯೆಯನ್ನು ಗಣತಿಯವನು ಬರೆದುಕೊಂಡಾಗ ಒಡೆಯನೂ ಒಂದು, ಹಾಳಿಯೂ ಒಂದು. ಬಸ್ಸು ಇಷ್ಟು ಮೈಲಿ, ರೈಲು ಇಷ್ಟು ಮೈಲಿ ಎಂದು ಬರೆದಾಗ ಆ ಮೈಲಿಗಳು ಇಬ್ಬರಿಗೂ ಒಂದೇ. ಆದರೆ ಹಾಳಿ ಹೇಳದೆ ಕೇಳದೆ ರೈಲು ಹತ್ತಿದರೆ ಅವನು ಪ್ರಯಾಣಿಕನಲ್ಲ, ಓಡಿಹೋದವನು. ಇಂಥ ಊರಿಗೆ ಬಂದ ಪ್ರತಿಯೊಂದು ದಾರಿಯೂ ಅದಕ್ಕೇ ಒಡೆಯನ ಕಣ್ಣಿಗೆ ಒಂಥರಾ, ಹಾಳಿಯ ಕಣ್ಣಿಗೆ ಇನ್ನೊಂಥರಾ ಕಂಡಿರಬೇಕು. ದಕ್ಷಿಣ ಗುಜರಾತಿನ ಹಳ್ಳಿಗಳಲ್ಲಿ 1962ರಿಂದ ದಶಕಗಳ ಕಾಲ ಓಡಾಡಿದ ಡಚ್ ವಿದ್ವಾಂಸ ಯಾನ್ ಬ್ರೆಮನ್ ಬರೆಯುವುದು ಮುಂದಿನ ಕಥೆ. ಹಾಳಿ ಪದ್ಧತಿ ಕರಗಿದ ಮೇಲೆ ಇದೇ ಜನ ಟ್ರಕ್ಕುಗಳಲ್ಲಿ ತುಂಬಿಕೊಂಡು ಇಟ್ಟಿಗೆ ಭಟ್ಟಿಗಳಿಗೆ ಹೋಗತೊಡಗಿದರು, ಅವರ ಊರ ಪಕ್ಕದ ಕಬ್ಬಿನ ಗದ್ದೆಗಳಿಗೆ ಖಾನದೇಶದಿಂದ ಬೇರೆ ಕೂಲಿಯವರು ಬಂದರು. ದಾರಿ ಈಗ ಎರಡೂ ಕಡೆಗೆ ತೆರೆದಿತ್ತು, ಆದರೆ ಯಾರನ್ನು ಎತ್ತ ಸಾಗಿಸಬೇಕೆಂದು ನಿರ್ಧರಿಸುತ್ತಿದ್ದವರು ನಡೆಯುವವರಾಗಿರಲಿಲ್ಲ.

ಇಲ್ಲಿ ಒಬ್ಬ ಮೈಸೂರಿನವರು ಬರುತ್ತಾರೆ. 1951ರಲ್ಲಿ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್ ಬಿಟ್ಟು ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯಕ್ಕೆ ಬಂದು ಸಮಾಜಶಾಸ್ತ್ರ ವಿಭಾಗ ಕಟ್ಟಿದರು. ಅದಕ್ಕೆ ಮೂರು ವರ್ಷ ಮೊದಲು ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲೆಸಿ ಅಧ್ಯಯನ ಮಾಡಿದ್ದರು, ಅದಕ್ಕೆ ಅವರಿಟ್ಟ ಹೆಸರು ರಾಂಪುರ. ಮುಂದೆ 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಟಿಪ್ಪಣಿಗಳು ಸುಟ್ಟುಹೋಗಿ, ನೆನಪಿನಿಂದಲೇ 'ದಿ ರಿಮೆಂಬರ್ಡ್ ವಿಲೇಜ್' ಬರೆದ ಕಥೆ ನಿಮಗೆ ಗೊತ್ತು. ಬರೋಡಾದ ಎಂಟು ವರ್ಷ ಮಾತ್ರ ನಮ್ಮಲ್ಲಿ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಅಲ್ಲಿ ಅವರ ವಿದ್ಯಾರ್ಥಿಯಾಗಿದ್ದವರು ಎ.ಎಂ. ಶಾಹ. ಶಾಹ ಖೇಡಾ ಜಿಲ್ಲೆಯ ರಾಧವಾಣಜ್ ಎಂಬ ಹಳ್ಳಿಯಲ್ಲಿ ಕೆಲಸ ಮಾಡುತ್ತ, 1825ರಲ್ಲಿ ಕಂಪನಿ ಸರ್ಕಾರದ ಸರ್ವೆಯವರು ಆ ಊರನ್ನು ಮನೆಮನೆ ಎಣಿಸಿ ಬರೆದಿಟ್ಟ ದಾಖಲೆಯನ್ನು ಎದುರಿಗಿಟ್ಟುಕೊಂಡರು. ಒಂದೇ ಊರು, ನಡುವೆ ನೂರಮೂವತ್ತು ವರ್ಷ.

1960ರಲ್ಲಿ ಗುರುಶಿಷ್ಯರಿಬ್ಬರೂ ಸೇರಿ 'ಎಕನಾಮಿಕ್ ವೀಕ್ಲಿ'ಯಲ್ಲಿ ಒಂದು ಪುಟ್ಟ ಲೇಖನ ಬರೆದರು, ಭಾರತದ ಹಳ್ಳಿ ಸ್ವಯಂಪೂರ್ಣ ಎಂಬ ಮಿಥ್ಯೆಯ ಬಗ್ಗೆ. ಆ ಮಿಥ್ಯೆಗೆ ಆಗ ನೂರಮೂವತ್ತು ವರ್ಷ. 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಎಂಬ ಅಧಿಕಾರಿ ಭಾರತದ ಹಳ್ಳಿಗಳನ್ನು ತಮಗೆ ಬೇಕಾದದ್ದನ್ನೆಲ್ಲ ತಾವೇ ಒದಗಿಸಿಕೊಳ್ಳುವ ಪುಟ್ಟ ಗಣರಾಜ್ಯಗಳು ಎಂದು ಬಣ್ಣಿಸಿದ್ದ. ಮುಂದೆ ಮಾರ್ಕ್ಸ್ ಅದನ್ನು ಬೈಯಲು ಬಳಸಿದ, ರಾಷ್ಟ್ರವಾದಿಗಳು ಹೊಗಳಲು ಬಳಸಿದರು, ಯಾರೂ ಅಲ್ಲಗಳೆಯಲಿಲ್ಲ. ಶ್ರೀನಿವಾಸ್ ಮತ್ತು ಶಾಹ ಅಲ್ಲಗಳೆದರು. ಚಿಕ್ಕ ಊರಿನಲ್ಲಿ ಎಲ್ಲ ಕಸುಬಿನವರೂ ಇರಲು ಸಾಧ್ಯವಿಲ್ಲ. ಸಂತೆಗೆ ಹೋಗಲೇಬೇಕು. ಹೆಣ್ಣು ಕೊಡುವುದು ತರುವುದು ಬೇರೆ ಊರಿಂದ, ಜಾತಿಯ ನಂಟು ಹತ್ತಾರು ಊರಿಗೆ, ಜಾತ್ರೆ ತೀರ್ಥಯಾತ್ರೆ ಇನ್ನೂ ದೂರಕ್ಕೆ. ಗಾಂಧೀಜಿ ಅಸಲಾಲಿಯಲ್ಲಿ ಲೆಕ್ಕ ಹಾಕಿದ ಉಪ್ಪನ್ನೇ ನೋಡಿ. ಕಡಲು ಕಾಣದ ಯಾವ ಊರು ತನ್ನ ಉಪ್ಪನ್ನು ತಾನೇ ಬೆಳೆದುಕೊಳ್ಳುತ್ತದೆ?

ಈ ಲೇಖನದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇದೆ, ಮೈಸೂರಿನವರು ಬರೋಡಾದಲ್ಲಿ ಕೂತು ಯೋಚಿಸಿದ್ದು ಎಂಬ ಕಾರಣಕ್ಕೆ. ಅದಕ್ಕಿಂತ ಮುಖ್ಯವಾಗಿ, ದಾರಿ ಇಲ್ಲದ ಊರು ಎಂದರೆ ಜಗತ್ತಿಗೆ ಸಂಬಂಧವಿಲ್ಲದ ಊರು ಎಂಬ ಸೋಮಾರಿ ಯೋಚನೆಯನ್ನು ಅದು ಮುರಿಯುತ್ತದೆ. ದಾರಿ ಇಲ್ಲದ ಊರಿನವರೂ ಹೋಗಿ ಬಂದು ಮಾಡುತ್ತಲೇ ಇದ್ದರು. ಅದಕ್ಕೆ ಅವರು ತೆರುತ್ತಿದ್ದ ಬೆಲೆ ಹೆಚ್ಚು, ಅಷ್ಟೇ ವ್ಯತ್ಯಾಸ.

ಆದರೆ ದಾರಿ ಹಾಕುವವರ ಕೋಣೆಯಲ್ಲಿ ನಡೆಯುತ್ತಿದ್ದ ಯೋಚನೆ ಬೇರೆ. 1943ರಲ್ಲಿ, ಯುದ್ಧದ ನಡುವೆ, ಪ್ರಾಂತ್ಯಗಳ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸೇರಿ ಮುಂದಿನ ಇಪ್ಪತ್ತು ವರ್ಷದ ರಸ್ತೆ ಯೋಜನೆ ಹಾಕಿದರು. ಸಿವಿಲ್ ಎಂಜಿನಿಯರಿಂಗ್ ಓದಿದವರು ನಾಗಪುರ ಸೂತ್ರವನ್ನು ಉರುಹೊಡೆದಿರುತ್ತೀರಿ. ಹಳ್ಳಿರಸ್ತೆಗಳ ಸೂತ್ರದಲ್ಲಿ 500 ಅಥವಾ ಅದಕ್ಕಿಂತ ಕಡಿಮೆ ಜನರಿರುವ ಪ್ರತಿ ಊರಿಗೆ ಮೈಲಿಯ ಐದನೇ ಒಂದು ಪಾಲು, 501ರಿಂದ 1,000ಕ್ಕೆ ಅರ್ಧ ಮೈಲಿ, 2,000ದವರೆಗೆ ಒಂದು ಮೈಲಿ, 5,000ದವರೆಗೆ ಎರಡು ಮೈಲಿ. ದೊಡ್ಡ ರಸ್ತೆಗಳ ಸೂತ್ರದಲ್ಲಿ ಇನ್ನೊಂದು ಅಂಶ: ಆ ಸೀಮೆಯಲ್ಲಿ ರೈಲುಕಂಬಿ ಎಷ್ಟು ಉದ್ದವಿದೆಯೋ ಅಷ್ಟನ್ನು ರಸ್ತೆಯ ಉದ್ದದಿಂದ ಕಳೆಯಬೇಕು. ಅಜ್ಜನ ಕಾಲದಲ್ಲಿ ರೈಲು ಬಂದಿದ್ದರೆ ಮೊಮ್ಮಗನ ರಸ್ತೆಯಲ್ಲಿ ಅಷ್ಟು ಕಡಿತ.

ಇದು ಪ್ರಾಂತ್ಯಕ್ಕೆ ಒಟ್ಟು ಎಷ್ಟು ರಸ್ತೆ ಬೇಕೆಂದು ಕೂಡಿಸುವ ಲೆಕ್ಕ. ಇಂಥ ಊರಿಗೆ ಇಷ್ಟೇ ಎಂದು ಹಂಚಿದ್ದಲ್ಲ. ಆದರೂ ಅದರ ಹಿಂದಿನ ಯೋಚನೆ ನೋಡಿ. 4,000 ಜನರ ಊರಿಗೆ ಎರಡು ಮೈಲಿ, 400 ಜನರ ಊರಿಗೆ ಮುನ್ನೂರು ಚಿಲ್ಲರೆ ಮೀಟರ್. ತಲೆಗಿಷ್ಟು ಎಂದು ನೋಡಿದರೆ ಎರಡೂ ಸಮ, ಯಾರಿಗೂ ಅನ್ಯಾಯವಿಲ್ಲ. ಆದರೆ ಹೆದ್ದಾರಿಯಿಂದ ಮೂರು ಮೈಲಿ ಒಳಗಿರುವ ಊರಿಗೆ ಮೂರು ಮೈಲಿಯೇ ಬೇಕು, ಅಲ್ಲಿ ನಾಲ್ಕು ಸಾವಿರ ಜನರಿರಲಿ ನಾನೂರಿರಲಿ. ರಸ್ತೆಯನ್ನು ಅಕ್ಕಿಯ ಹಾಗೆ ಪಾವು ಸೇರಿನಲ್ಲಿ ಅಳೆದುಕೊಡಲು ಬರುವುದಿಲ್ಲ.

2000ದ ಡಿಸೆಂಬರ್ 25ಕ್ಕೆ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಈ ತಪ್ಪನ್ನು ಬಹುಮಟ್ಟಿಗೆ ತಿದ್ದಿತು. ಊರು ಎಷ್ಟು ಒಳಗಿದ್ದರೂ ಸರಿ, ಸರ್ವಋತು ರಸ್ತೆಗೆ ಅದನ್ನು ಮುಟ್ಟಿಸುವುದು ಗುರಿ. ಆದರೆ ಹೊಸ್ತಿಲು ಉಳಿಯಿತು: ಬಯಲು ಸೀಮೆಯಲ್ಲಿ 500 ಜನ, ಗುಡ್ಡಗಾಡು, ಮರುಭೂಮಿ, ಆದಿವಾಸಿ ಪ್ರದೇಶದಲ್ಲಿ 250. ಎಣಿಕೆಯ ಘಟಕ ಕಂದಾಯ ಗ್ರಾಮವಲ್ಲ, ಜನವಸತಿ. ಇದು ಕೇಳಲು ಚಿಕ್ಕ ವ್ಯತ್ಯಾಸ. ಗುಜರಾತಿನ ಪೂರ್ವದ ಆದಿವಾಸಿ ಸೀಮೆಯಲ್ಲಿ, ಛೋಟಾ ಉದೇಪುರದಲ್ಲಿ, ಡಾಂಗ್‌ನಲ್ಲಿ, ಇದೇ ಎಲ್ಲವೂ. ಅಲ್ಲಿ ಊರು ಎಂದರೆ ಒಂದೆಡೆ ಗುಂಪಾಗಿ ಕೂತ ಮನೆಗಳಲ್ಲ. ಒಂದು ಗುಡ್ಡಕ್ಕೆ ಒಂದು ಫಳಿಯಾ, ಹಳ್ಳ ದಾಟಿದರೆ ಇನ್ನೊಂದು, ಇವೆಲ್ಲ ಸೇರಿ ಒಂದು ಗಾಮ್. ನಮ್ಮ ಹಟ್ಟಿ, ತಾಂಡಾ, ಹಾಡಿ, ದೊಡ್ಡಿಗಳ ಹಾಗೆ. ಹಳೆಯ ಪಟ್ಟಿಯಲ್ಲಿ ಮುಖ್ಯ ಫಳಿಯಾಕ್ಕೆ ರಸ್ತೆ ಮುಟ್ಟಿದರೆ ಇಡೀ ಊರಿಗೆ ಪಿಆರ್ ಎಂದು ಬಿದ್ದುಬಿಡುತ್ತಿತ್ತು. ಹೊಸ ನಿಯಮದಲ್ಲಿ ಫಳಿಯಾ ತನ್ನ ಕಾಲ ಮೇಲೆ ತಾನೇ ನಿಲ್ಲಬಹುದು. ಆದರೆ ತನ್ನ ತಲೆಗಳನ್ನೂ ತಾನೇ ಒದಗಿಸಬೇಕು. 500 ಮೀಟರ್ ಸುತ್ತಳತೆಯೊಳಗಿನ ಗುಂಪುಗಳನ್ನು ಕೂಡಿಸಿ ಎಣಿಸಲು ಅವಕಾಶವಿದೆ, ಅದರಾಚೆ ಇಲ್ಲ. ಕರ್ನಾಟಕದಲ್ಲಿ ತಾಂಡಾ ಹಟ್ಟಿಗಳನ್ನು ಕಂದಾಯ ಗ್ರಾಮ ಮಾಡಬೇಕೆಂದು ದಶಕಗಳ ಕಾಲ ಕೇಳಿದ್ದರ ಹಿಂದೆಯೂ ಇದೇ ಸಂಕಟ. ಪಟ್ಟಿಯಲ್ಲಿ ನಿನ್ನದೇ ಒಂದು ಸಾಲು ಇಲ್ಲದಿದ್ದರೆ ನಿನಗೆ ದೂರವೂ ಇಲ್ಲ.

ಹೋದ ವರ್ಷ ಬಿಲಿಮೋರಾದಿಂದ ವಘಾಯಿಗೆ ಹೋಗುವ ಸಣ್ಣ ರೈಲಿನಲ್ಲಿ ಹೋಗಿಬಂದೆ. ಇದೂ ಗಾಯಕವಾಡರ ಕಾಲದ್ದೇ, 1913ರ ಸುಮಾರಿನದು, ಡಾಂಗ್ ಕಾಡಿನ ತೇಗ ಇಳಿಸಲು ಹಾಕಿದ್ದು. 63 ಕಿಲೋಮೀಟರಿಗೆ ಸುಮಾರು ಮೂರು ಗಂಟೆ. ಗಣದೇವಿ, ಚಿಖಲಿ ರೋಡ್, ರಾನಕುವಾ, ಅನಾವಲ್, ಉನಾಯಿ, ಆಮೇಲೆ ಕೇವಡಿ ರೋಡ್, ಕಾಲಾ ಅಂಬ್, ಡುಂಗರಡಾ. ನಿಲ್ದಾಣವೆಂದರೆ ಕೆಲವೆಡೆ ಒಂದು ಫಲಕ, ಒಂದು ಮರ. 2020ರ ಮಾರ್ಚಿನಲ್ಲಿ ಲಾಕ್‌ಡೌನ್‌ಗೆ ಎಲ್ಲ ರೈಲಿನ ಹಾಗೆ ಇದೂ ನಿಂತಿತು. ಅದೇ ಡಿಸೆಂಬರಿನಲ್ಲಿ ಗುಜರಾತಿನ ಇಂಥ 11 ಸಣ್ಣ ಮಾರ್ಗಗಳನ್ನು ಲಾಭವಿಲ್ಲವೆಂದು ಶಾಶ್ವತವಾಗಿ ಮುಚ್ಚಲು ರೈಲ್ವೆ ಹೊರಟಿತು. ಸ್ಥಳೀಯರು ಗಲಾಟೆ ಮಾಡಿದರು, ಈ ಮಾರ್ಗ ಉಳಿಯಿತು, 2021ರ ಸೆಪ್ಟೆಂಬರ್ 4ರಂದು ರೈಲು ಮತ್ತೆ ಓಡಿತು. ಉಳಿಯಲು ಇನ್ನೊಂದು ಕಾರಣ, 2018ರಲ್ಲೇ ರೈಲ್ವೆ ಇದನ್ನೂ ಎತ್ತು ಎಳೆದ ಆ ಡಭೋಯಿ–ಮಿಯಾಗಾಮ್ ಮಾರ್ಗವನ್ನೂ ಸೇರಿಸಿ ಐದು ಸಣ್ಣ ಮಾರ್ಗಗಳನ್ನು ಪರಂಪರೆ ಎಂದು ಗುರುತಿಸಿತ್ತು. ಹಳ್ಳಿಯವರು ಸಂತೆಗೆ ಹೋಗುತ್ತಾರೆ ಎಂಬುದು ಸಾಲದೇ ಬಂದಾಗ, ಇದು ಹಳೆಯದು ಎಂಬುದು ನೆರವಿಗೆ ಬಂತು. ನನಗೆ ಅದು ಅಷ್ಟೇನೂ ಸಮಾಧಾನ ಕೊಡಲಿಲ್ಲ. ನನ್ನ ಎದುರಿಗೆ ಕೂತಿದ್ದ ಹೆಂಗಸರು ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹಾಸಿಕೊಂಡು ಕೂತಿದ್ದರು. ಪರಂಪರೆ ನೋಡಲು ಬಂದವನಂತೆ ಕಿಟಕಿಗೆ ಫೋನ್ ಒಡ್ಡಿದ್ದವರು ನಾವು ನಾಲ್ಕೈದು ಜನ.

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಈಗ 2027ರ ಮಾರ್ಚ್ 1ಕ್ಕೆ ಎಣಿಕೆ ಎಂದು ಸರ್ಕಾರ ಹೇಳಿದೆ. ಈ ನಡುವೆ 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಸಡಕ್ ಯೋಜನೆಯ ನಾಲ್ಕನೇ ಹಂತಕ್ಕೆ ಒಪ್ಪಿಗೆ ಬಿತ್ತು. 25,000 ಜನವಸತಿಗಳು, 62,500 ಕಿಲೋಮೀಟರ್ ರಸ್ತೆ. ಹೊಸ್ತಿಲು ಬಯಲಿಗೆ ಅದೇ 500, ಆದಿವಾಸಿ ಸೀಮೆಗೆ ಅದೇ 250. ಆ ತಲೆಗಳನ್ನು ಎಣಿಸುವುದು 2011ರ ಗಣತಿಯಿಂದ. ಡಾಂಗ್‌ನ ಯಾವುದೋ ಒಂದು ಫಳಿಯಾದಲ್ಲಿ ಆ ವರ್ಷ 246 ಜನ ಇದ್ದರು ಎಂದುಕೊಳ್ಳಿ. ಮರುವರ್ಷ ಅಲ್ಲಿ ಐದು ಕೂಸುಗಳು ಹುಟ್ಟಿದವು ಎಂದುಕೊಳ್ಳಿ. ಆ ಮಕ್ಕಳೀಗ ಹೈಸ್ಕೂಲು ಮುಟ್ಟಿದ್ದಾರೆ, ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗುತ್ತಿದ್ದಾರೆ. ರಸ್ತೆಯ ಲೆಕ್ಕದಲ್ಲಿ ಅವರಿನ್ನೂ ಹುಟ್ಟಿಲ್ಲ.